ಒಬ್ಬಟ್ಟು ಓವನ್‌ಗೆ ಹೋದಾಗ

ಗೌರಿ ಹಬ್ಬವೋ ದೀಪಾವಳಿಯೋ ಬಂತೆಂದರೆ ಹಿಂದಿನ ಸಂಜೆ ಉಪ್ಪಾರಪೇಟೆ ಠಾಣೆಯ ಆಸುಪಾಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೆಜೆಸ್ಟಿಕ್ ಕಡೆಗೆ ಓಡುವವರ ಹೆಗಲಿಗೆ ಬ್ಯಾಗು, ಕೈಯಲ್ಲಿ ದಾರ ಬಿಗಿದ ರಟ್ಟಿನ ಡಬ್ಬ. ಒಳಗೆ ಬೆಣ್ಣೆ ಬಿಸ್ಕತ್ತು, ಒಂದಷ್ಟು ಪ್ಲೇನ್ ಕೇಕು, ಊರಿನಲ್ಲಿರುವ ಮಕ್ಕಳಿಗೆಂದು ದಿಲ್‌ಪಸಂದ್. ಹಾಸನ, ತುಮಕೂರು, ಶಿವಮೊಗ್ಗದ ಬಸ್ಸುಗಳ ಲಗೇಜ್ ಕಂಬಿಯ ಮೇಲೆ ಆ ಡಬ್ಬಗಳದ್ದೇ ಸಾಲು. ಹಬ್ಬ ಕಳೆದ ಮೇಲೆ ನೋಡಿ, ಅದೇ ಜನ ಅದೇ ಬ್ಯಾಗಿನಲ್ಲಿ ಸ್ಟೀಲ್ ಡಬ್ಬಿ ಹೊತ್ತು ಇಳಿಯುತ್ತಾರೆ. ಅದರಲ್ಲಿ ಕರ್ಜಿಕಾಯಿ, ಕಜ್ಜಾಯ, ರವೆ ಉಂಡೆ. ಜೊತೆಗೆ ‘ಡಬ್ಬಿ ಮರೆಯದೆ ವಾಪಸ್ ತಾ’ ಎಂಬ ಅಮ್ಮನ ಆಜ್ಞೆ. ರಟ್ಟಿನ ಡಬ್ಬಕ್ಕೆ ಆ ಯೋಗವಿಲ್ಲ.

ಬೇಕರಿ ಬಂದು ಮನೆಯ ತಿಂಡಿ ಹಾಳಾಯಿತು ಎಂದು ಪ್ರತಿ ಹಬ್ಬಕ್ಕೂ ಯಾರಾದರೂ ಹೇಳುತ್ತಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಬೆಂಗಳೂರಿನ ಹಳೆಯ ಪೇಟೆಗಳ ಬೇಕರಿ ಮನೆಯ ಹಬ್ಬದ ಎಲೆಗೆ ಕೈಹಾಕಲೇ ಇಲ್ಲ. ಹಬ್ಬವಿಲ್ಲದ ದಿನಗಳ ಸಂಜೆ ಐದು ಗಂಟೆಯನ್ನು ಮಾತ್ರ ಅದು ತನ್ನದಾಗಿಸಿಕೊಂಡಿತು. ಅದಕ್ಕೂ ಮನೆಯ ಅಡುಗೆಯಿಂದಲೇ ವಿದ್ಯೆ ಕಡ ತಂದಿತು.

ಉಪ್ಪಾರಪೇಟೆಯಿಂದ ನಡೆದು ಹೋಗುವಷ್ಟು ಹತ್ತಿರದ ಚಿಕ್ಕಪೇಟೆಯಲ್ಲಿ 1898ರಲ್ಲಿ ‘ಬೆಂಗಳೂರು ಬ್ರದರ್ಸ್ ಬೇಕರಿ’ ಶುರುವಾಯಿತು. ಜನರ ಬಾಯಲ್ಲಿ ಅದು ಬಿ.ಬಿ. ಬೇಕರಿ. ತೆರೆದವರು ಹಾಸನ ಜಿಲ್ಲೆ ಮೂಲದ ಅಯ್ಯಂಗಾರ್ ಮನೆತನದ ಎಚ್.ಎಸ್. ತಿರುಮಲಾಚಾರ್. ಮೊದಲು ಸಿಹಿತಿಂಡಿ ಮಾರುತ್ತಿದ್ದರು, ಅಂಗಡಿಗೆ ಬರುತ್ತಿದ್ದ ವೆಸ್ಟ್ ಎಂಡ್ ಹೋಟೆಲಿನ ಒಬ್ಬ ಆಂಗ್ಲರು ಬ್ರೆಡ್ ಸುಡುವುದನ್ನು ಹೇಳಿಕೊಟ್ಟರು ಎಂಬ ಕಥೆ ಪೇಟೆಯಲ್ಲಿ ಈಗಲೂ ಚಾಲ್ತಿಯಲ್ಲಿದೆ. ಆ ಕಾಲಕ್ಕೆ ಬ್ರೆಡ್ಡು, ಕೇಕು ದಂಡು ಪ್ರದೇಶದ ತಿಂಡಿ. ಪೇಟೆಯ ಜನಕ್ಕೆ ಅದು ಕಾಯಿಲೆ ಬಿದ್ದವರ ಆಹಾರ. ಮೊಟ್ಟೆ ಹಾಕಿರುತ್ತಾರೆಂಬ ಗುಮಾನಿ ಬೇರೆ. ಮಡಿ ಮನೆತನದವರೊಬ್ಬರು ಗಲ್ಲಾ ಹಿಂದೆ ಕೂತ ಮೇಲೆ ಆ ಗುಮಾನಿ ಕರಗಿತು. ‘ಅಯ್ಯಂಗಾರ್’ ಎಂಬ ಬೋರ್ಡು ಜಾತಿಯ ಹೆಸರಾಗಿದ್ದು ಮೊಟ್ಟೆಯಿಲ್ಲ ಎಂಬ ಭರವಸೆಯ ಗುರುತಾಯಿತು. ಹಾಸನದ ಕಡೆಯ ನೆಂಟರಿಷ್ಟರು ಒಬ್ಬರ ಹಿಂದೊಬ್ಬರು ಬಂದು ಕೆಲಸ ಕಲಿತು ಬಡಾವಣೆಗೊಂದು ಬೇಕರಿ ಇಟ್ಟರು. ವಿಶ್ವೇಶ್ವರಪುರದ ವಿ.ಬಿ. ಬೇಕರಿ 1953ರದ್ದು. ಇವತ್ತು ಮುಂಬೈ, ಹೈದರಾಬಾದಿನಲ್ಲೂ ಆ ಬೋರ್ಡು ಕಾಣುತ್ತದೆ. ಮಾಲೀಕರು ಅಯ್ಯಂಗಾರರೇ ಆಗಿರಬೇಕೆಂದೇನೂ ಇಲ್ಲ. ಎಷ್ಟೋ ಕಡೆ ಮೊಟ್ಟೆಯ ಕೇಕೂ ಪಕ್ಕದ ಟ್ರೇಯಲ್ಲಿರುತ್ತದೆ.

ಈಗ ದಿಲ್‌ಪಸಂದ್ ವಿಷಯಕ್ಕೆ ಬರುತ್ತೇನೆ. ಹೆಸರು ಉರ್ದು, ಸುಡುವ ವಿಧಾನ ಇಂಗ್ಲಿಷರದ್ದು, ಆದರೆ ಒಡೆದು ನೋಡಿದರೆ ಅದು ನಮ್ಮ ಕಾಯಿ ಒಬ್ಬಟ್ಟೇ. ಹೊರಗೆ ಮೈದಾದ ಕನಕ, ಒಳಗೆ ತೆಂಗಿನ ತುರಿ, ಸಕ್ಕರೆ, ಏಲಕ್ಕಿಯ ಹೂರಣ. ಒಬ್ಬಟ್ಟಿನಲ್ಲಿ ಇಲ್ಲದ್ದು ಎಂದರೆ ಕೆಂಪು ಹಸಿರು ಟೂಟಿ ಫ್ರೂಟಿ ಮತ್ತು ಒಂದೆರಡು ಚೆರ್ರಿ. ಟೂಟಿ ಫ್ರೂಟಿ ಎಂಬುದು ಪರಂಗಿಕಾಯಿಯ ಚೂರನ್ನು ಸಕ್ಕರೆ ಪಾಕದಲ್ಲಿ ನೆನೆಸಿ ಬಣ್ಣ ಕಟ್ಟಿದ್ದು. ಚೆರ್ರಿಯೂ ಎಷ್ಟೋ ಸಲ ಚೆರ್ರಿಯಲ್ಲ, ಬೇಲಿಯಲ್ಲಿ ಬೆಳೆಯುವ ನಮ್ಮ ಕವಳೆ ಹಣ್ಣು. ಬೀಜ ತೆಗೆದು ಪಾಕಕ್ಕಿಳಿಸಿ ಕೆಂಪು ಬಣ್ಣ ಕೊಟ್ಟಿರುತ್ತಾರೆ. ವಿದೇಶಿ ಎಂದು ಚಪ್ಪರಿಸುವ ತಿಂಡಿಯೊಳಗೆ ಎಲ್ಲವೂ ಹಿತ್ತಲಿನದೇ.

ಹಾಗಾದರೆ ಒಂದು ಬಾಯಲ್ಲಿ ಮೆತ್ತಗೆ ಎಳೆಯುತ್ತದೆ, ಇನ್ನೊಂದು ಪುಡಿಪುಡಿಯಾಗಿ ಉದುರುತ್ತದೆ, ಏಕೆ? ಎಣ್ಣೆಯನ್ನು ಯಾವಾಗ ಹಾಕುತ್ತೇವೆ ಎಂಬುದರಲ್ಲಿದೆ ಗುಟ್ಟು. ಒಬ್ಬಟ್ಟಿನ ಕನಕಕ್ಕೆ ಚಿರೋಟಿ ರವೆಯನ್ನೋ ಮೈದಾವನ್ನೋ ಮೊದಲು ನೀರಿನಲ್ಲಿ ಕಲಸಿ ಚೆನ್ನಾಗಿ ನಾದುತ್ತಾರೆ. ಗೋಧಿಯ ಅಂಟು ಎಳೆಎಳೆಯಾಗಿ ಕಟ್ಟಿಕೊಳ್ಳುತ್ತದೆ. ಆಮೇಲೆ ಕೈತುಂಬ ಎಣ್ಣೆ ಸುರಿದು, ಕನಕ ಮುಳುಗುವಂತೆ ಗಂಟೆಗಟ್ಟಲೆ ಬಿಟ್ಟರೆ ಆ ಎಳೆಗಳು ಸಡಿಲಗೊಂಡು, ಎಷ್ಟು ತಟ್ಟಿದರೂ ಹರಿಯದೆ ಹಿಗ್ಗುತ್ತವೆ. ಬೇಕರಿಯಲ್ಲಿ ಇದೇ ಕೆಲಸ ಹಿಂದುಮುಂದು. ಒಣ ಮೈದಾಕ್ಕೆ ಮೊದಲೇ ಡಾಲ್ಡಾ ಉಜ್ಜಿಬಿಡುತ್ತಾರೆ. ಕಣಕಣಕ್ಕೂ ಕೊಬ್ಬು ಹತ್ತಿಕೊಂಡು, ನೀರು ಸೋಕಿದರೂ ಅಂಟು ಬೆಳೆಯುವುದಿಲ್ಲ. ಆ ಹಿಟ್ಟನ್ನು ತಟ್ಟೆಯಗಲ ಲಟ್ಟಿಸಿ, ಹೂರಣ ಹರಡಿ, ಮೇಲೊಂದು ಮುಚ್ಚಿ, ಅಂಚು ಒತ್ತಿ ಓವನ್‌ಗೆ ತಳ್ಳುತ್ತಾರೆ. ಹೊಂಬಣ್ಣಕ್ಕೆ ತಿರುಗಿದ ಮೇಲೆ ತೆಗೆದು ತ್ರಿಕೋನಾಕಾರಕ್ಕೆ ಕೊಯ್ಯುತ್ತಾರೆ. ಕೆಲವರು ಬನ್ನಿನ ಹಿಟ್ಟಿನಲ್ಲಿ ಇದನ್ನೇ ಮಾಡಿ ದಿಲ್‌ಖುಷ್ ಎನ್ನುತ್ತಾರೆ. ಅಂಗಡಿಯಿಂದ ಅಂಗಡಿಗೆ ಹೆಸರು ಅದಲುಬದಲಾಗುವುದುಂಟು.

ಪದರದ ವಿಷಯದಲ್ಲೂ ಹೀಗೆಯೇ. ಬೆಂಗಳೂರಿನ ಮದುವೆ ಮನೆಯ ಚಿರೋಟಿಗೆ ಅಡುಗೆ ಭಟ್ಟರು ತೆಳ್ಳಗೆ ಲಟ್ಟಿಸಿದ ಹಾಳೆಗಳ ನಡುವೆ ತುಪ್ಪ ಮತ್ತು ಅಕ್ಕಿ ಹಿಟ್ಟಿನ ಸಾಟೆ ಸವರಿ, ಸುತ್ತಿ, ಕೊಯ್ದು, ಮತ್ತೆ ಲಟ್ಟಿಸಿ ಕರಿಯುತ್ತಾರೆ. ಬೇಕರಿಯವರು ಮೈದಾ ಹಾಳೆಯ ಮೇಲೆ ಕೊಬ್ಬು ಸವರಿ, ಮಡಚಿ, ಲಟ್ಟಿಸಿ, ಮತ್ತೆ ಮಡಚಿ ಓವನ್‌ಗೆ ಕೊಟ್ಟರೆ ಪಫ್ಸು. ಎರಡರಲ್ಲೂ ಕಾವು ತಾಗಿದಾಗ ಹಾಳೆಯ ನೀರು ಹಬೆಯಾಗಿ, ನಡುವಿನ ಕೊಬ್ಬು ಹಾಳೆಗಳನ್ನು ಒಂದಕ್ಕೊಂದು ಅಂಟಲು ಬಿಡದೆ, ಪದರ ಬಿಡಿಸಿಕೊಳ್ಳುತ್ತದೆ. ಚಿರೋಟಿ ಬಡಿಸಿ, ಪುಡಿ ಸಕ್ಕರೆ ಉದುರಿಸಿ, ಬಾದಾಮಿ ಹಾಲು ಸುರಿಯುವವರನ್ನು ಕಂಡವರಿಗೆ ಪಫ್ಸ್ ಹೊಸದೆಂದು ಯಾಕಾದರೂ ಅನ್ನಿಸೀತು?

ಮನೆಯಲ್ಲಿ ಇಲ್ಲದಿದ್ದದ್ದು ಓವನ್ ಒಂದೇ. ನಮ್ಮ ಅಡುಗೆಮನೆ ಬೇಯಿಸುತ್ತದೆ, ಕರಿಯುತ್ತದೆ, ಹುರಿಯುತ್ತದೆ. ಸುತ್ತಲಿಂದ ಒಣ ಕಾವು ಕೊಟ್ಟು ಸುಡುವ ಒಲೆ ಅದಕ್ಕಿರಲಿಲ್ಲ. ಆದರೂ ಬಸವನಗುಡಿ, ಮಲ್ಲೇಶ್ವರದ ಹೆಂಗಸರು ಬಿಟ್ಟವರಲ್ಲ. ದಪ್ಪ ತಳದ ಪಾತ್ರೆಯಲ್ಲಿ ಮರಳು ಹರಡಿ, ಮೇಲಿನ ಮುಚ್ಚಳದ ಮೇಲೆ ಕೆಂಡ ಹಾಕಿ ಕೇಕು ಮಾಡಿದ್ದಾರೆ. ಪ್ರೆಷರ್ ಕುಕ್ಕರ್ ಬಂದ ಮೇಲೆ ಗ್ಯಾಸ್ಕೆಟ್ಟು, ವೆಯ್ಟು ತೆಗೆದಿಟ್ಟು ಅದರ ತಳಕ್ಕೇ ಮರಳೋ ಉಪ್ಪೋ ಹಾಕಿದರು. ವಾರಪತ್ರಿಕೆಯಲ್ಲಿ ಓದಿದ್ದನ್ನು ಕತ್ತರಿಸಿ ಡೈರಿಗೆ ಅಂಟಿಸಿಕೊಂಡ ಮಿಲ್ಕ್‌ಮೇಡ್ ಕೇಕಿನ ಅಳತೆ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಮೊಟ್ಟೆಯಿಲ್ಲದ ಕೇಕಿನ ಫಜೀತಿ ಎಂದರೆ, ಮೊಟ್ಟೆ ಉಬ್ಬಿಸುವುದು ಮಾತ್ರವಲ್ಲ, ಹಿಡಿದೂ ಇಡುತ್ತದೆ. ಸೋಡಾಕ್ಕೆ ಮೊಸರಿನ ಹುಳಿ ಸೇರಿದರೆ ಗಾಳಿಗುಳ್ಳೆ ಎದ್ದು ಹಿಟ್ಟು ಉಬ್ಬುತ್ತದೆ, ಸರಿ. ಆದರೆ ಹಿಡಿತವಿಲ್ಲದೆ ಮರುದಿನಕ್ಕೆ ಒಣಗಿ ಉದುರುತ್ತದೆ. ಬೆಂಗಳೂರಿನ ಹನಿ ಕೇಕು ಈ ಕೊರತೆಗೆ ಬೇಕರಿಯವರು ಕೊಟ್ಟ ಉತ್ತರ ಎಂದೇ ನನ್ನ ಎಣಿಕೆ. ಒಣಗುವ ಕೇಕಿಗೆ ಸಕ್ಕರೆ ಪಾಕ ಕುಡಿಸಿ, ಮೇಲೆ ಕೆಂಪು ಜಾಮ್ ಬಳಿದು, ಒಣಕೊಬ್ಬರಿ ಪುಡಿ ಉದುರಿಸಿದರೆ ಯಾರಿಗೆ ದೂರು? ಹೆಸರಿನಲ್ಲಿರುವಷ್ಟು ಜೇನು ಒಳಗಿರುತ್ತದೆಂದು ಮಾತ್ರ ನಂಬಬೇಡಿ.

ಬೇಕರಿಗೆ ಬಾರದ ವಿದ್ಯೆ ಒಂದಿದೆ, ಅದು ಬೆಲ್ಲದ ಪಾಕ. ದೀಪಾವಳಿಯ ಕಜ್ಜಾಯವನ್ನೇ ತೆಗೆದುಕೊಳ್ಳಿ. ನೆನೆಸಿದ ಅಕ್ಕಿಯನ್ನು ನೆರಳಲ್ಲಿ ಆರಲು ಹಾಕಿ, ಪೂರ್ತಿ ಒಣಗುವ ಮುಂಚೆ, ಅಂಗೈಗೆ ತಂಪು ತಾಗುವ ಹದದಲ್ಲೇ ಪುಡಿ ಮಾಡಬೇಕು. ಬೆಲ್ಲದ ಪಾಕ ಕುದಿಯುವಾಗ ಪಕ್ಕದಲ್ಲೊಂದು ಬಟ್ಟಲು ತಣ್ಣೀರು. ಒಂದು ಹನಿ ಬಿಟ್ಟು ಬೆರಳಲ್ಲಿ ಒಟ್ಟು ಮಾಡಿದರೆ ಮೆತ್ತನೆಯ ಉಂಡೆ ಆಗಬೇಕು. ನೀರಲ್ಲಿ ಕರಗಿದರೆ ಇನ್ನೂ ಎಳೆ, ಬಟ್ಟಲಿಗೆ ಬಡಿದು ಟಣ್ ಎಂದರೆ ಮೀರಿತು. ಥರ್ಮಾಮೀಟರ್ ಹಿಡಿದು ನೋಡಿದರೆ ಉಂಡೆ ಪಾಕ ಸುಮಾರು 112ರಿಂದ 116 ಡಿಗ್ರಿ ಸೆಲ್ಸಿಯಸ್. ಆ ನಾಲ್ಕು ಡಿಗ್ರಿಯ ಸಂದಿಯನ್ನು ಅಜ್ಜಿಯರು ಬೆರಳ ತುದಿಯಲ್ಲಿ ಹಿಡಿಯುತ್ತಿದ್ದರು. ಎಳೆ ಪಾಕವಾದರೆ ಕಜ್ಜಾಯ ಎಣ್ಣೆಯಲ್ಲಿ ಚೂರುಚೂರಾಗಿ ಹರಡುತ್ತದೆ, ಮೀರಿದರೆ ಹಲ್ಲಿಗೆ ಸವಾಲು. ಪಾಕಕ್ಕೆ ಹಿಟ್ಟು ಹಾಕಿ ಕಲಸಿದ್ದನ್ನು ಕನಿಷ್ಠ ಒಂದು ದಿನ ಮುಚ್ಚಿಟ್ಟು, ಆಮೇಲೆ ಸಣ್ಣ ಉರಿಯಲ್ಲಿ ಕರಿದು, ಎರಡು ಸೌಟುಗಳ ನಡುವೆ ಒತ್ತಿ ಎಣ್ಣೆ ಹಿಂಡುತ್ತಾರೆ. ನೀರಿನಂಶ ಕಡಿಮೆ, ಬೆಲ್ಲ ಹೆಚ್ಚು. ಹಾಗಾಗಿಯೇ ವಾರಗಟ್ಟಲೆ ಕೆಡದೆ ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲಿ ಬರುತ್ತದೆ. ಕಾಯಿ ಒಬ್ಬಟ್ಟು ಹಾಗೆ ಬರಲಾರದು, ಹಸಿ ತೆಂಗಿನ ತೇವಕ್ಕೆ ಎರಡು ದಿನದಲ್ಲಿ ಹಳಸುತ್ತದೆ.

ಬೆಂಗಳೂರು, ಕೋಲಾರ, ತುಮಕೂರು ಕಡೆಯ ಎಷ್ಟೋ ಮನೆಗಳಲ್ಲಿ ದೀಪಾವಳಿಗೆ ಕೇದಾರೇಶ್ವರನ ನೋಮು. ಅಲ್ಲಿ ದೇವರ ಮುಂದೆ ಇಡುವುದು ಕಜ್ಜಾಯವನ್ನೇ, ಅದೂ ಇಪ್ಪತ್ತೊಂದರ ಲೆಕ್ಕದಲ್ಲಿ. ಅಯ್ಯಂಗಾರ್ ಮನೆಗಳಲ್ಲಿ ಶ್ರೀಜಯಂತಿ ಬಂದರೆ ಮುಚ್ಚೋರೆ, ತೇಂಗೊಳಲು, ಮನೋಹರ, ಅರಳುಂಡೆ, ಎಳ್ಳುಂಡೆ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ವರ್ಷವಿಡೀ ಬೇಕರಿ ನಡೆಸುವ ಮನೆತನದಲ್ಲೂ ಕೃಷ್ಣನ ಮುಂದೆ ಬೆಣ್ಣೆ ಬಿಸ್ಕತ್ತು ಇಡುವುದಿಲ್ಲ. ನೈವೇದ್ಯಕ್ಕೆ ಮಡಿಯಲ್ಲಿ ಮಾಡಿದ್ದೇ ಆಗಬೇಕು, ಮಾಡುವವರು ರುಚಿ ನೋಡುವಂತಿಲ್ಲ. ಉಪ್ಪು ಸರಿಯಿದೆಯೇ ಎಂದು ವಾಸನೆಯಲ್ಲಿ ಗ್ರಹಿಸುವ ಆ ಅಡುಗೆ ಬೇಕರಿಯ ತಕ್ಕಡಿಗೆ ಸಿಗುವಂಥದ್ದಲ್ಲ. ಇಷ್ಟು ದಿನ ಮನೆಯ ಸಿಹಿಯನ್ನು ಕಾಪಾಡಿದ್ದು ರುಚಿಗಿಂತ ಹೆಚ್ಚಾಗಿ ಈ ದೇವರ ಕಟ್ಟುಪಾಡು.

ಸಂಕ್ರಾಂತಿಯ ಸಕ್ಕರೆ ಅಚ್ಚಿನ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. ಸಕ್ಕರೆಗೆ ನೀರು ಹಾಕಿ ಕುದಿಸಿ, ಮೇಲೆ ಸ್ವಲ್ಪ ಹಾಲು ಬಿಟ್ಟರೆ ಕೊಳೆಯೆಲ್ಲ ಹಾಲಿನ ಕೆನೆಗೆ ಅಂಟಿ ತೇಲುತ್ತದೆ. ಬಟ್ಟೆಯಲ್ಲಿ ಸೋಸಿದರೆ ತಿಳಿ ಪಾಕ. ಮರದ ಅಚ್ಚುಗಳು ಅಷ್ಟರಲ್ಲಿ ನೀರಿನಲ್ಲಿ ನೆಂದಿರಬೇಕು, ಇಲ್ಲದಿದ್ದರೆ ಸಕ್ಕರೆ ಮರವನ್ನು ಕಚ್ಚಿಕೊಂಡು ಆನೆಯ ಸೊಂಡಿಲು, ಗಿಳಿಯ ಕೊಕ್ಕು ಅಚ್ಚಿನಲ್ಲೇ ಉಳಿಯುತ್ತವೆ. ಪಾಕವನ್ನು ಒಮ್ಮೆಗೇ ಕಾಯಿಸುವಂತಿಲ್ಲ. ಸಣ್ಣ ಪಾತ್ರೆಗೆ ಒಂದೊಂದೇ ಸೌಟು ತೆಗೆದುಕೊಂಡು, ಕಾಯಿಸಿ, ಸೌಟಿನಿಂದ ಪಾತ್ರೆಯ ಮೈಗೆ ಉಜ್ಜುತ್ತಿದ್ದರೆ ಒಂದು ಗಳಿಗೆಯಲ್ಲಿ ಪಾಕ ಮಬ್ಬಾಗುತ್ತದೆ. ಅದು ಹರಳು ಕಟ್ಟುವ ಹೊತ್ತು. ಆಗಲೇ ಸುರಿಯಬೇಕು, ಫೋನ್ ಬಂತೆಂದು ತಿರುಗಿದರೆ ಪಾತ್ರೆಯೇ ಅಚ್ಚು. ಈಗ ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ಬಣ್ಣಬಣ್ಣದ ಅಚ್ಚು ರಾಶಿ ಬಿದ್ದಿರುತ್ತದೆ, ಕೊಳ್ಳುವುದೇ ಸುಲಭ. ಕೊಳ್ಳುವವರ ಮೇಲೆ ನನಗೆ ಆಕ್ಷೇಪವೂ ಇಲ್ಲ.

ಪೇಟೆಯ ಹಬ್ಬವೆಂದರೆ ಹಿಂದೂ ಪಂಚಾಂಗದ್ದು ಮಾತ್ರ ಅಲ್ಲ. ಅವೆನ್ಯೂ ರಸ್ತೆಯಲ್ಲಿ ಪುಸ್ತಕದಂಗಡಿಗಳ ನಡುವೆ ರೈಸ್ ಸ್ಮಾರಕ ಚರ್ಚ್ ಇದೆ. ಶಾಸನ ಸಂಶೋಧಕ ಬಿ.ಎಲ್. ರೈಸ್ ಅವರ ತಂದೆ, ಪಾದ್ರಿ ಬೆಂಜಮಿನ್ ಹೋಲ್ಟ್ ರೈಸ್ ಹೆಸರಿನ ಈ ಚರ್ಚು ಕನ್ನಡ ಸಭೆಯದ್ದು. ಹಳೆ ಮೈಸೂರಿನ ಕನ್ನಡ ಕ್ರೈಸ್ತ ಮನೆಗಳ ಕ್ರಿಸ್‌ಮಸ್ ತಟ್ಟೆ ಕಂಡವರಿಗೆ ಗೊತ್ತು: ಪ್ಲಮ್ ಕೇಕಿನ ಪಕ್ಕದಲ್ಲಿ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ. ಮಂಗಳೂರು ಕಡೆಯವರ ಕುಸ್ವಾರ್ ತಟ್ಟೆಯಲ್ಲಿ ಅದೇ ಕರ್ಜಿಕಾಯಿ ನೆವ್ರಿ ಎನಿಸಿಕೊಂಡು ಕುಲ್ಕುಲ್, ಗುಲಾಬಿ ಅಚ್ಚಿನ ತಿಂಡಿಯ ಜೊತೆ ಕೂತಿರುತ್ತದೆ. ದಂಡಿನ ಕಡೆಯ ಬೇಕರಿಗಳಿಗೆ ಕ್ರಿಸ್‌ಮಸ್ಸೇ ದೊಡ್ಡ ಹಬ್ಬ. ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿ 1902ರಿಂದಲೂ ಇದೆ. ಪೇಟೆಯ ಬೇಕರಿಗೆ ಮಾತ್ರ ಇಂಥದ್ದೇ ಹಬ್ಬ ಎಂಬ ನಿಯಮವಿಲ್ಲ, ದಿನವೂ ಸಂಜೆ ಟ್ರೇ ಇಳಿದಾಗ ಅದಕ್ಕೆ ಹಬ್ಬ.

ಇಷ್ಟು ಹೊಗಳಿದ ಮೇಲೆ ಬೇಕರಿಯ ಹುಳುಕನ್ನೂ ಹೇಳಬೇಕು. ಡಾಲ್ಡಾ ನಮ್ಮ ಮಾರುಕಟ್ಟೆಗೆ ಬಂದದ್ದು 1937ರಲ್ಲಿ. ಅಗ್ಗ, ಕೆಡುವುದಿಲ್ಲ, ಬಿಸ್ಕತ್ತು ಗರಿಗರಿಯಾಗಿರುತ್ತದೆ. ಬೇಕರಿಯವರಿಗೆ ಇನ್ನೇನು ಬೇಕು? ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂದು ಆಮೇಲೆ ತಿಳಿಯಿತು. 2022ರ ಜನವರಿಯಿಂದ ಅದು ಶೇ 2ಕ್ಕಿಂತ ಹೆಚ್ಚಿರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿದೆ. ಬಿಡಿಯಾಗಿ ಮಾರುವ ಸಿಹಿತಿಂಡಿಯ ಟ್ರೇ ಮೇಲೆ ಎಂದಿನವರೆಗೆ ತಿನ್ನಬಹುದೆಂಬ ದಿನಾಂಕ ಹಾಕಬೇಕೆಂಬ ನಿಯಮವೂ 2020ರ ಅಕ್ಟೋಬರ್‌ನಿಂದ ಇದೆ. ಹಾಕಿರುವ ಅಂಗಡಿ ಕಂಡರೆ ಸಂತೋಷಪಡಿ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12ರಲ್ಲಿ ಕೃತಕ ಬಣ್ಣ ಮಿತಿ ಮೀರಿತ್ತು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ನಂಥ ಕೇಕುಗಳ ಬಗ್ಗೆ ಇಲಾಖೆ ಎಚ್ಚರಿಸಿತು. ಹಳೆಯ ಪ್ಲೇನ್ ಕೇಕಿಗೆ ಈ ಬಣ್ಣದ ರಗಳೆ ಇಲ್ಲ. ನನ್ನ ಮಾತು ಕೇಳುವುದಾದರೆ ಕೆಂಪು ಕೇಕು ಕೇಳುವ ಮಕ್ಕಳಿಗೆ ಕಂದು ಬಣ್ಣದ್ದನ್ನೇ ಕೊಡಿಸಿ.

ತೆರಿಗೆಯವರು ಕೂಡ ಇತ್ತೀಚಿನವರೆಗೆ ಈ ಎರಡು ಲೋಕವನ್ನು ಬೇರೆ ಬೇರೆ ಇಟ್ಟಿದ್ದರು. ಮಿಠಾಯಿಗೆ ಶೇ 5 ಜಿಎಸ್‌ಟಿ, ಕೇಕು, ಪೇಸ್ಟ್ರಿ, ಬಿಸ್ಕತ್ತಿಗೆ ಶೇ 18. ಒಂದೇ ಹೂರಣ ತವಾ ಮೇಲೆ ಬೆಂದರೆ ಒಂದು ದರ, ಓವನ್ ಸೇರಿದರೆ ಮೂರು ಪಟ್ಟಿಗೂ ಮಿಕ್ಕ ದರ. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ 5 ಆಗಿದೆ. ಅದೇ ವರ್ಷ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ನಗರದ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರು ಕ್ಯೂಆರ್ ಕೋಡ್ ಕಿತ್ತು ‘ಕ್ಯಾಶ್ ಮಾತ್ರ’ ಎಂದು ಬರೆದದ್ದು ನೆನಪಿರಬಹುದು.

ಮನೆಯ ಸಿಹಿಗೆ ನಿಜವಾದ ಪೈಪೋಟಿ ಶುರುವಾಗಿರುವುದು ಈಚೆಗೆ, ಅದೂ ಬೇಕರಿಯಿಂದ ಅಲ್ಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಯಾವ ಬೀದಿಗೆ ಹೋದರೂ ಒಂದು ಹೋಳಿಗೆ ಅಂಗಡಿ. ಗಾಜಿನ ಹಿಂದೆ ದೊಡ್ಡ ಕಾವಲಿ, ಪ್ಲಾಸ್ಟಿಕ್ ಹಾಳೆಯ ಮೇಲೆ ತಟ್ಟುವ ಕೈಗಳು. ಕಾಯಿ, ಬೇಳೆ ಸರಿಯೇ. ಖೋವಾ, ಖರ್ಜೂರ, ಕ್ಯಾರೆಟ್, ಅನಾನಸ್ ಕೂಡ. ವರ್ಷಕ್ಕೊಮ್ಮೆ ಯುಗಾದಿಗೆ ಕಾಯುತ್ತಿದ್ದ ತಿಂಡಿ ಮಂಗಳವಾರ ಮಧ್ಯಾಹ್ನವೂ ಸಿಗುತ್ತದೆ. ಬೇಕರಿಯವರು ಮುಟ್ಟದೆ ಬಿಟ್ಟ ಹಬ್ಬದ ಎಲೆಗೇ ಇವರು ಬಂದಿದ್ದಾರೆ. ಯುಗಾದಿ ಬೆಳಿಗ್ಗೆ ಈ ಅಂಗಡಿಗಳ ಮುಂದೆ ಕ್ಯೂ ನಿಂತವರ ಕೈಯಲ್ಲಿ ಮಾವಿನ ಸೊಪ್ಪಿನ ಚೀಲವೂ ಇರುತ್ತದೆ. ಪೂಜೆ ಮನೆಯಲ್ಲಿ, ನೈವೇದ್ಯ ಪಾರ್ಸೆಲ್. ಇದನ್ನು ಕಂಡು ಹಲ್ಲು ಕಡಿಯುವುದು ಗಂಡಸರಿಗೆ ಸುಲಭ. ರಾತ್ರಿಯೇ ಕನಕ ಕಲಸಿಟ್ಟು, ಬೆಳಗಿನ ಜಾವ ರುಬ್ಬು ಗುಂಡಿನ ಮುಂದೆ ಕೂತು ಹೂರಣ ನುಣ್ಣಗೆ ಮಾಡಿ, ಎಲ್ಲರಿಗೂ ಬಡಿಸಿ, ಕೊನೆಗೆ ಹರಿದ ಒಬ್ಬಟ್ಟು ತಿಂದವರು ಯಾರೆಂದು ಒಮ್ಮೆ ನೆನೆಸಿಕೊಂಡರೆ ಮಾತು ನಿಲ್ಲುತ್ತದೆ.

ನನ್ನ ತಕರಾರು ಬೇರೆ. ಬೇಳೆ ಒಬ್ಬಟ್ಟು ಒಂಟಿಯಾಗಿ ಹುಟ್ಟುವ ತಿಂಡಿಯಲ್ಲ. ಬೇಳೆ ಬೇಯಿಸಿ ಬಸಿದ ಕಟ್ಟಿಗೆ ಒಂದು ಹಿಡಿ ಹೂರಣ, ಹುಣಸೆ ರಸ, ಸಾರಿನ ಪುಡಿ, ಕೊಬ್ಬರಿ ರುಬ್ಬಿ ಹಾಕಿ, ಇಂಗಿನ ಒಗ್ಗರಣೆ ಕೊಟ್ಟರೆ ಒಬ್ಬಟ್ಟಿನ ಸಾರು. ಸಿಹಿ, ಹುಳಿ, ಖಾರ ಮೂರೂ ಒಟ್ಟಿಗಿರುವ ಅದು ಮರುದಿನ ಕುದಿಸಿದಷ್ಟೂ ಹದಕ್ಕೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಸಾರಿಗಾಗಿಯೇ ಒಬ್ಬಟ್ಟು ಮಾಡುವವರಿದ್ದಾರೆ. ಅಂಗಡಿಯಿಂದ ಒಬ್ಬಟ್ಟು ತಂದ ದಿನ ಎಲೆಯ ಮೇಲೆ ಸಿಹಿ ಇರುತ್ತದೆ, ಅನ್ನಕ್ಕೆ ಎಂದಿನ ತಿಳಿಸಾರೇ ಗತಿ.

ಹೋಳಿಗೆ ಅಂಗಡಿಯವರಲ್ಲಿ ಹಾಗಾಗಿ ಒಂದು ವಿನಂತಿ. ದಿನಕ್ಕೆ ಅಷ್ಟೊಂದು ಬೇಳೆ ಬೇಯಿಸುತ್ತೀರಿ. ಆ ಕಟ್ಟನ್ನು ಲೀಟರ್ ಲೆಕ್ಕದಲ್ಲಿ ಬಾಟಲಿಗೆ ತುಂಬಿ, ಜೊತೆಗೊಂದು ಉಂಡೆ ಹೂರಣ ಇಟ್ಟು ಮಾರಿ. ಯುಗಾದಿಗೆ ಕೆಲವರು ಸಾರನ್ನೇ ಮಾಡಿ ಮಾರುವುದುಂಟು; ಅದು ಬೇಡ. ಕಟ್ಟು ಕೊಡಿ, ಸಾರು ನಾವು ಮಾಡಿಕೊಳ್ಳುತ್ತೇವೆ. ಅಂಗಡಿಗೆ ಹೋಗುವ ಓದುಗರು ಕೂಡ ಇದನ್ನು ಬಾಯಿಬಿಟ್ಟು ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಬಾಟಲಿ ಸಿದ್ಧವಿರುತ್ತದೆ.